ಸಮುದ್ರದ ಕಡೆಯ ಕೋಣೆ

ನವೆಂಬರ್ ೧೪, ಗುರುವಾರ

ನನ್ನ ಪ್ರೀತಿಯ ಕಡ್ಡಿಗೆ,

ಹೇಗಿದ್ದೀಯ? ಮಂಡಿನೋವು ಹೇಗಿದೆ? ನಿನ್ನ ಕಾಗದ ಬಂದು ಎಷ್ಟೋ ತಿಂಗಳಾಯಿತು, ಉತ್ತರ ಬರೆಯಲಿಲ್ಲ. ಕ್ಷಮಿಸು ಎಂದು ಕೇಳಲೂ ಮುಖವಿಲ್ಲ. ಮಗಳು ಹೋದಾಗ ಬಂದ ಕಾಗದಗಳಲ್ಲೆಲ್ಲ ಧೈರ್ಯ ತಂದುಕೋ, ಧೈರ್ಯ ತಂದುಕೋ ಎಂದೇ ಇತ್ತು. ನಿನ್ನದರಲ್ಲಿ ಮಾತ್ರ ‘ಅತ್ತುಬಿಡು ಕಣೇ’ ಎಂದಿತ್ತು. ನೀನೀಗ ಕಡ್ಡಿಯಾಗಿ ಉಳಿದಿಲ್ಲ, ಲಾಡ್ಜಿನ ಮೆಟ್ಟಿಲು ಹತ್ತಿದರೆ ಮೆಟ್ಟಿಲೇ ನರಳುತ್ತದೆ ಎಂದು ಕೊನೆಯಲ್ಲಿ ಬರೆದಿದ್ದೆಯಲ್ಲ, ಅದನ್ನು ಓದಿ ಆ ದಿನಗಳಲ್ಲೂ ನಕ್ಕುಬಿಟ್ಟೆ. ನಕ್ಕೆನಲ್ಲಾ ಎಂದು ಆಮೇಲೆ ರಾತ್ರಿಯೆಲ್ಲ ಸಂಕಟಪಟ್ಟೆ.

ಈಗ ಒಂದು ಕೆಲಸಕ್ಕಾಗಿ ಬರೆಯುತ್ತಿದ್ದೇನೆ. ಮುಂದಿನ ವಾರ ಶನಿವಾರ, ಭಾನುವಾರ ಎರಡು ದಿನ ನಾವಿಬ್ಬರೂ ನಿಮ್ಮೂರಿಗೆ ಬರುತ್ತೇವೆ. ನಿನ್ನ ಮನೆಗಲ್ಲ, ಕೋಪ ಮಾಡಿಕೊಳ್ಳಬೇಡ. ನಿನ್ನ ಲಾಡ್ಜಿನಲ್ಲೇ ಇಳಿಯಬೇಕು. ಕೋಣೆಗಳ ಉಸ್ತುವಾರಿಯೆಲ್ಲ ನಿನ್ನದೇ ತಾನೆ? ಮಹಡಿಯ ಮೇಲೆ ಸಮುದ್ರದ ಕಡೆಗೆ ದೊಡ್ಡ ಕಿಟಕಿ ಇರುವ ಕೋಣೆಯೇ ಆಗಬೇಕು. ಮಧ್ಯಾಹ್ನ ದಾಟಿದರೆ ಬಿಸಿಲು ನೇರ ಒಳಗೆ ನುಗ್ಗಿ ಕಣ್ಣು ಕುಕ್ಕುತ್ತದೆ, ಇಳಿದುಕೊಂಡವರೆಲ್ಲ ಗೊಣಗುತ್ತಾರೆ ಎಂದು ಬರೆದಿದ್ದೆ ನೋಡು, ಅದೇ ಕೋಣೆ. ಬಾಡಿಗೆ ಹೆಚ್ಚಾದರೂ ಚಿಂತೆಯಿಲ್ಲ.

ಹೀಗೆ ಎರಡು ದಿನ ಬಂದುಹೋಗಿ ಎಂದು, ನಿಮ್ಮೂರಿನ ಮೀನಿನ ಕಾರ್ಖಾನೆಗೆ ಸೇರಿದ ಮೇಲೆ ಮಗಳು ಎಷ್ಟು ಸಲ ಕರೆದಳೋ! ಬಿಡುವು ಸಿಕ್ಕಾಗ ನಿನ್ನ ಹತ್ತಿರ ಬಂದು ತಲೆ ಬಾಚಿಸಿಕೊಂಡು ಹೋಗುತ್ತಿದ್ದಳಲ್ಲ, ನಿನ್ನ ಮುಂದೆಯೂ ಹೇಳಿರುತ್ತಾಳೆ. ಶನಿವಾರ ದೋಣಿ, ಭಾನುವಾರ ದೀಪಸ್ತಂಭ ಎಂದು ಎಲ್ಲ ಅವಳೇ ಗೊತ್ತುಮಾಡಿದ್ದಳು. “ಅಪ್ಪಂಗೆ ಹೇಳಮ್ಮ, ಇಲ್ಲಿ ಬಂಡೆ ಮೇಲೆ ನಿಂತ್ಕೊಂಡ್ರೆ ಅಲೆ ಕಾಲಿಂದ ಕೇಳ್ಸತ್ತೆ, ಥೇಟ್ ಅವರ ಮಗ್ಗದ ಶೆಡ್ಡೇ!” ಎನ್ನುತ್ತಿದ್ದಳು. ಆಗ ಒಂದು ತಿಂಗಳು ಇವರಿಗೆ ಪುರುಸೊತ್ತಿರಲಿಲ್ಲ, ಇನ್ನೊಂದು ತಿಂಗಳು ನನ್ನ ಸೊಂಟ ಹಿಡಿದಿತ್ತು.

ಇವರ ಕಿವಿಯ ಕಥೆ ನಿನಗೆ ಗೊತ್ತೇ ಇದೆ. ಮಗ್ಗದ ಶೆಡ್ಡಿನಲ್ಲಿ ಅಷ್ಟು ವರ್ಷ ದುಡಿದವರಲ್ಲಿ ಯಾರ ಕಿವಿ ಉಳಿದಿದೆ ಹೇಳು? ಆ ಗದ್ದಲದಲ್ಲಿ ಅವರೆಲ್ಲ ಒಬ್ಬರ ತುಟಿ ಒಬ್ಬರು ನೋಡಿಕೊಂಡೇ ಮಾತಾಡಿದವರು. ಈಗಲೂ ಇವರು ಮದುವೆಮನೆಯ ಈ ತುದಿಯಲ್ಲಿ ಕೂತು ಆ ತುದಿಯವರು ಯಾರನ್ನು ಆಡಿಕೊಳ್ಳುತ್ತಿದ್ದಾರೆ ಎಂದು ನನಗೆ ವರದಿ ಕೊಡುತ್ತಾರೆ. ದಪ್ಪ ಮೀಸೆಯವರನ್ನು ಕಂಡರೆ ಮಾತ್ರ ಆಗುವುದಿಲ್ಲ. ನಾನು ಬಾಗಿಲಲ್ಲಿ ನಿಂತು ಮಾತಾಡಿದರೂ ಬೈಸಿಕೊಳ್ಳುತ್ತೇನೆ. “ಬೆಳಕಿಗೆ ಬೆನ್ನು ಹಾಕ್ಬೇಡ ಅಂತ ಎಷ್ಟು ಸಲ ಹೇಳೋದು? ಮುಖವೆಲ್ಲ ಮಸಿ ಮಸಿ ಕಾಣತ್ತೆ!” ಎಂದು ರೇಗುತ್ತಾರೆ. ಮಗಳಿಗೆ ಒಂದು ದಿನವೂ ಹಾಗೆ ಬೈದದ್ದಿಲ್ಲ. ಮಾತು ಕಲಿಯುವ ಮುಂಚೆಯೇ ಅವಳು ಅಪ್ಪನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಳ್ಳುವುದನ್ನು ಕಲಿತಿದ್ದಳು.

ಫೋನಿಗೂ ಅವಳೇ ಒಂದು ಉಪಾಯ ಮಾಡಿದ್ದಳು. ನಾನು ಮನೆಯಲ್ಲಿಲ್ಲದಾಗ ಫೋನು ಅದುರಿದರೆ ಇವರೇ ಎತ್ತಿಕೊಳ್ಳಬೇಕು, ತಮ್ಮ ಮಾತು ತಾವು ಹೇಳಿ ಇಡಬೇಕು. “ನಿನಗೆ ಕೇಳ್ಸದಿದ್ರೆ ಏನಾಯ್ತಪ್ಪಾ, ನನಗೆ ಕೇಳತ್ತಲ್ಲ” ಎಂದಿದ್ದಳು. ಇವರು ಗಂಭೀರವಾಗಿ “ನಾವು ಚೆನ್ನಾಗಿದೀವಿ. ಅಮ್ಮ ಹೊರಗೆ ಹೋಗಿದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಇಡ್ತೀನಿ” ಎಂದು ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿ ಇಟ್ಟುಬಿಡುತ್ತಿದ್ದರು. ಅವಳು ಸಂಜೆ ಮತ್ತೆ ಮಾಡಿ ನನ್ನ ಮುಂದೆ ಅದನ್ನೇ ಅಣಕಿಸಿ ಬಿದ್ದುಬಿದ್ದು ನಗುತ್ತಿದ್ದಳು.

ಹೋದ ತಿಂಗಳು ಊಟಕ್ಕೆ ಕೂತಿದ್ದಾಗ ಇವರು ತಟ್ಟೆ ಸರಿಸಿ ಬಾಯಿಬಿಟ್ಟರು. ಮೀನಿನ ಕಾರ್ಖಾನೆಯಲ್ಲಿ ಐಸ್ ಕೋಣೆಯ ಗ್ಯಾಸು ಸೋರಿ ಅವಳು ಒಳಗೆ ಸಿಕ್ಕಿಕೊಂಡಳಲ್ಲ, ಆ ದಿನ ನಾನು ಫೋನು ಮನೆಯಲ್ಲೇ ಮರೆತು ಹಿಟ್ಟು ಬೀಸಿಸಲು ಹೋಗಿದ್ದೆ. ಆಗ ಫೋನು ಅದುರಿತಂತೆ, ಅವಳದೇ. ಇವರು ಎತ್ತಿಕೊಂಡರಂತೆ. ಎಂದಿನ ಪಾಠ ಒಪ್ಪಿಸಿ ಇಟ್ಟರಂತೆ. ಇಷ್ಟು ತಿಂಗಳು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಈ ಮನುಷ್ಯ ನನ್ನ ಪಕ್ಕದಲ್ಲೇ ಮಲಗಿದ್ದರು ಕಣೇ! ನನಗೆ ಸಿಟ್ಟು ಬರಬೇಕಿತ್ತೋ ಏನೋ, ಬರಲಿಲ್ಲ.

“ಅವಳು ಏನು ಹೇಳಿದ್ಲು ಅಂತ ನನಗೆ ತಿಳೀಬೇಕು” ಎಂದರು. ಅವಳ ಜೊತೆ ಒಳಗೆ ಸಿಕ್ಕಿಕೊಂಡು ಬದುಕಿದ ಗೆಳತಿ ಇದ್ದಾಳಲ್ಲ, ಗಂಟಲು ಸುಟ್ಟು ಆಸ್ಪತ್ರೆಯಲ್ಲಿದ್ದವಳು, ಅವಳು ಈಗ ಸುಧಾರಿಸಿಕೊಂಡಿದ್ದಾಳೆ. ಫೋನಿನ ಹೊತ್ತಿನಲ್ಲಿ ಪಕ್ಕದಲ್ಲೇ ಇದ್ದದ್ದು ಅವಳೊಬ್ಬಳೇ. ಅವಳಿಂದ ಬರೆಸಿ ತರಿಸೋಣ, ಅಷ್ಟು ದೂರ ಯಾಕೆ ಎಂದೆ. “ಬರೆದದ್ದು ಬೇಡ. ನೀನು ತಿದ್ದಿರ್ತೀಯ. ಅವಳ ಬಾಯಲ್ಲೇ ನೋಡ್ಬೇಕು” ಎಂದುಬಿಟ್ಟರು. ಎಷ್ಟಾದರೂ ಜೊತೆಯಲ್ಲಿ ಬಾಳಿದವರು, ನನ್ನನ್ನು ಚೆನ್ನಾಗಿಯೇ ಬಲ್ಲರು.

ಅದಕ್ಕೇ ಬರುತ್ತಿದ್ದೇವೆ. ಶನಿವಾರ ಮಧ್ಯಾಹ್ನದ ಊಟ ಮುಗಿಸಿ ಆ ಹುಡುಗಿ ಕೋಣೆಗೇ ಬರುತ್ತಾಳೆ. ಭಾನುವಾರ ಬೆಳಿಗ್ಗೆ ಇವರನ್ನು ಬಂಡೆಯ ಮೇಲೆ ಬರಿಗಾಲಲ್ಲಿ ನಿಲ್ಲಿಸಬೇಕು, ಜಾರದ ಜಾಗ ನೀನೇ ತೋರಿಸು. ದೋಣಿ ಬೇಡ. ಇವರು ಆಗಲೇ ಚೀಲ ತುಂಬಿ ಬಾಗಿಲ ಹತ್ತಿರ ಇಟ್ಟಿದ್ದಾರೆ. ಅವಳ ನೀಲಿ ಸ್ವೆಟರನ್ನೂ ತುರುಕಿದ್ದಾರೆ.

ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ. ಅವರು ಎಲ್ಲಿದ್ದರೂ ತಣ್ಣಗಿರಲಿ, ದಿನಾ ಸಂಜೆ ಹೊತ್ತಿಗೆ ಸರಿಯಾಗಿ ಮನೆ ಸೇರಲಿ. ನಿನ್ನ ಮಂಡಿಗೆ ಎಣ್ಣೆ ತರುತ್ತೇನೆ.

ನಿನ್ನ,
ಬಾಯಿಬಡುಕಿ

ಇನ್ನೊಂದು ಮಾತು ಮರೆತಿದ್ದೆ ಎಂದು ಬರೆಯಲು ಹೊರಟೆ. ಮರೆತಿಲ್ಲ, ಬರೆಯಲು ಕೈ ಬರಲಿಲ್ಲ. ಇವರಿಗೆ ಹೇಳದೆ ಆ ಹುಡುಗಿಗೆ ಫೋನು ಮಾಡಿ ಎಲ್ಲ ಕೇಳಿಕೊಂಡೆ. ನಮ್ಮವಳು ‘ಅಪ್ಪಾ, ಇಡಬೇಡ’ ಎಂದು ಕೂಗುತ್ತಲೇ ಇದ್ದಳಂತೆ. ಅಪ್ಪನಿಗೆ ಕೇಳಿಸುವುದಿಲ್ಲ ಎಂದು ಗೊತ್ತಿದ್ದೂ ಕೂಗಿದಳಂತೆ. ಇವರು ಇಟ್ಟ ಮೇಲೂ ಫೋನನ್ನು ಕಿವಿಯಿಂದ ತೆಗೆಯಲಿಲ್ಲವಂತೆ. ಇವರ ಮುಂದೆ ಬೇರೆ ಏನಾದರೂ ಹೇಳಮ್ಮ ಎಂದು ಬೇಡಿದೆ, ಆ ಹುಡುಗಿಯ ಕಾಲು ಹಿಡಿಯುವುದೊಂದು ಬಾಕಿ. “ಅವರ ಮುಖ ನೋಡ್ಕೊಂಡು ಸುಳ್ಳು ಹೇಳೋಕೆ ನನ್ನಿಂದ ಆಗಲ್ಲ ಅಮ್ಮ” ಎಂದು ಅತ್ತಳು. ಅವಳ ಮೇಲೆ ಹೇಗೆ ಸಿಟ್ಟು ಮಾಡಲಿ? ಅವಳು ನಿಜವನ್ನೇ ಹೇಳಲಿ. ಅವಳ ಕುರ್ಚಿಯನ್ನು ಕಿಟಕಿಗೆ ಬೆನ್ನು ಬರುವ ಹಾಗೆ ಹಾಕು. ಆ ಬಿಸಿಲಲ್ಲಿ ಇವರಿಗೆ ಅವಳ ತುಟಿ ಕಾಣುವುದಿಲ್ಲ, ಏನಂದಳು ಎಂದು ನನ್ನ ಕಡೆ ತಿರುಗುತ್ತಾರೆ. ‘ಅಪ್ಪನ ದನಿ ಕೇಳಿದೆ, ಸಾಕು ಅಂದಳಂತೆ’ ಎಂದು ನಾನು ಹೇಳುತ್ತೇನೆ. ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದೇನೆ, ಇನ್ನೂ ತುಟಿ ನಡುಗುತ್ತದೆ. ಕಿಟಕಿಯ ಪರದೆಯನ್ನು ಮೊದಲೇ ಬಿಚ್ಚಿಟ್ಟಿರು ಕಣೇ. ಇವರು ಕೇಳಿದರೆ ಒಗೆಯಲು ಹಾಕಿದ್ದೇವೆ ಎಂದು ಹೇಳು. ಹೇಳುವಾಗ ನೀನು ಮಾತ್ರ ಬೆಳಕಿಗೆ ಮುಖ ಕೊಟ್ಟು ನಿಂತು ಹೇಳು, ಅವರಿಗೆ ತಿಳಿಯಬೇಕು.