ಅಕ್ಕ ರಿಪೇರಿ ಮಾಡಿದ ಜಾಗ

ನವೆಂಬರ್ ೧೪, ಗುರುವಾರ

ಆ ಕೆಂಪು ಪರ್ಷಿಯನ್ ಕಾರ್ಪೆಟ್ ಇವತ್ತು ತೊಳೆಯಲಿಕ್ಕೆಂದು ಮತ್ತೆ ನಮ್ಮ ಅಂಗಡಿಗೆ ಬಂತು. ಹಿಂದೆ ಇಲಿ ಕಡಿದು ಅಂಗೈಯಗಲ ತೂತಾಗಿದ್ದಾಗ ಅಕ್ಕನೇ ಒಂದೊಂದೇ ಗಂಟು ಹಾಕಿ ಮುಚ್ಚಿದ್ದಳು. ಅವಳು ತೀರಿಕೊಂಡ ಮೇಲೆ ಅವಳ ಕೈಕೆಲಸ ನನ್ನ ಮುಂದೆ ಬಂದದ್ದು ಇದೇ ಮೊದಲು.

"ಎಲ್ಲಿ ರಿಪೇರಿ ಆಗಿತ್ತು ಅಂತ ನಮಗೇ ಗೊತ್ತಾಗಲ್ಲ ನೋಡಿ," ಎಂದರು ಕಾರ್ಪೆಟ್ಟಿನ ಯಜಮಾನಿ. ನಮ್ಮ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. "ಕಣ್ಣಿಗೆ ಬಿದ್ರೆ ಅದು ರಿಪೇರಿನೇ ಅಲ್ಲ," ಎಂದು ಅಪ್ಪ ನಮ್ಮಿಬ್ಬರ ತಲೆ ತಿನ್ನುತ್ತಿದ್ದರು.

ಯಜಮಾನಿ ಆಚೆ ಹೋದದ್ದೇ ಕಾರ್ಪೆಟ್ ಮಗುಚಿ ಹಾಕಿದೆ. ಬೆನ್ನ ಮೇಲೆಲ್ಲ ಬೆರಳಾಡಿಸಿದೆ. ಹೊಸ ಉಣ್ಣೆ ಬಣ್ಣ ಬಿಡುತ್ತದೇನೋ ಎಂದು ಒದ್ದೆ ಬಟ್ಟೆಯಿಂದ ಒರೆಸಿಯೂ ನೋಡಿದೆ. ಎಲ್ಲೂ ಸಿಗಲಿಲ್ಲ.

ಒಂದೇ ಒಂದು ಗಂಟನ್ನಾದರೂ ತಪ್ಪು ಹಾಕಬಾರದಿತ್ತಾ, ಅಕ್ಕಾ.