ಬಾಣಂತಿಯ ಮನೆಗೆ ಬಂದ ಫ್ಯಾನು

ಅಲೋರ್ ಸೆತಾರಿನ ನಮ್ಮ ವಸತಿ ಸಮುಚ್ಚಯದ ಮಾನ್ಯ ನಿರ್ವಹಣಾಧಿಕಾರಿಗಳೇ,

ಪಾರಿವಾಳಗಳು ಗೂಡು ಕಟ್ಟುತ್ತವೆಂಬ ಕಾರಣಕ್ಕೆ ನಮ್ಮ ಬಾಗಿಲುಗಳ ಮೇಲಿನ ಗಾಳಿಕಿಂಡಿಗಳಿಗೆಲ್ಲ ತಾವು ತಗಡು ಹೊಡೆಸಿದ್ದೀರಿ. ಪಾರಿವಾಳಗಳು ಸುಖವಾಗಿವೆ, ನೀರಿನ ಟ್ಯಾಂಕಿನ ಮೇಲೆ ಸಂಸಾರ ಹೂಡಿವೆ. ಬೇಯುತ್ತಿರುವವರು ನಾವು.

ನನ್ನ ಪಕ್ಕದ ಮನೆಯ ಹಸ್ನಾ ಹಸಿ ಬಾಣಂತಿ. ನಮ್ಮಲ್ಲಿ ಬಾಣಂತಿಗೆ ಗಾಳಿ ಸೋಕಬಾರದು. ಹೊಟ್ಟೆಗೆ ಉದ್ದನೆಯ ಬಟ್ಟೆ ಬಿಗಿದು, ಕಾಲುಚೀಲ ತೊಡಿಸಿ ಮಲಗಿಸುತ್ತಾರೆ. ಅದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಇಂಥ ಮನೆಯನ್ನು ತಂಪಾಗಿಡುತ್ತಿದ್ದುದು ಆ ಕಿಂಡಿಗಳೇ: ಕಿಟಕಿಯಿಂದ ಬಂದ ಗಾಳಿ ಯಾರ ಮೈಗೂ ಬಡಿಯದೆ, ಸೂರಿನಡಿಯ ಬಿಸಿಯನ್ನು ಹೊತ್ತುಕೊಂಡು ಮೇಲಿನಿಂದಲೇ ಹೊರಟುಹೋಗುತ್ತಿತ್ತು. ಈಗ ಹೋಗುವ ದಾರಿಯಿಲ್ಲದೆ ಗಾಳಿ ಕಿಟಕಿಯಾಚೆಯೇ ನಿಂತಿದೆ. ದೂರು ಕೊಟ್ಟದ್ದಕ್ಕೆ ತಮ್ಮ ಕಚೇರಿ ಕೊಟ್ಟ ಪರಿಹಾರವೇನು? ಕೆಂಪು ರಿಬ್ಬನ್ನು ಕಟ್ಟಿ, ಫೋಟೊ ತೆಗೆಸಿಕೊಂಡು, ಬಾಣಂತಿಯ ಮನೆಗೆ ಒಂದು ಫ್ಯಾನು! ಮೀನಿಗೆ ಕೊಡೆ ಕೊಟ್ಟಂತೆ. ಹಸ್ನಾಳ ಅತ್ತೆ ರುಬಿಯಾ, “ಇಲ್ಲೇ ಬಿದ್ದಿರ್ಲಿ. ತಂದೋನ ಹೆಂಡ್ತಿ ಹೆತ್ತಾಗ ಅವನ ಮನೆಗೇ ಕಳಿಸ್ತೀನಿ,” ಎಂದು ಅದನ್ನು ಮೂಲೆಗೆ ತಳ್ಳಿದರು.

ಮೊನ್ನೆ ಮಧ್ಯಾಹ್ನ ಹಸ್ನಾ ಹಾಲೂಡಿಸುತ್ತಿರುವಾಗಲೇ ಕಣ್ಣು ಕತ್ತಲೆ ಬಂದು ವಾಲಿದಳು. ಅತ್ತೆ ಕೂಸನ್ನು ಹಿಡಿದುಕೊಳ್ಳದಿದ್ದರೆ ಏನಾಗುತ್ತಿತ್ತೋ. ಕೂಗು ಕೇಳಿ ಓಡಿದ ನಾನು, ನಡುಕಟ್ಟು ಸಡಿಲಿಸಲು ಹೇಳಿ, ಆ ಫ್ಯಾನನ್ನೇ ಕಿಟಕಿಯಲ್ಲಿ ಹೊರಮುಖವಾಗಿ ನಿಲ್ಲಿಸಿದೆ.

“ಮೇಷ್ಟ್ರೇ, ತಲೆ ನೆಟ್ಟಗಿದ್ಯಾ? ಬೀದಿಗೆ ಗಾಳಿ ಹಾಕ್ತಿದೀರಲ್ಲ!” ಎಂದರು ರುಬಿಯಾ.

“ಒಳಗಿನ ಬಿಸಿ ಆಚೆ ಹೋಗ್ಲಿ ಅಂತ ಕಣಮ್ಮಾ. ಸೊಸೆ ಮೈಗೆ ಬೀಸಲ್ಲ.”

ಅವರು ಸೊಸೆಯ ಹಾಸಿಗೆಯ ಮೇಲೆ ಅಂಗೈ ಆಡಿಸಿ ಪರೀಕ್ಷಿಸಿದರು. “ಹೂಂ. ಹೋಗೋ ಗಾಳಿ ಮೇಲೆ ನಂದೇನೂ ತಕರಾರಿಲ್ಲ.”

ಆದರೆ ಹೋದ ಗಾಳಿಯ ಜಾಗಕ್ಕೆ ಗಾಳಿ ಎಲ್ಲಿಂದ ಬರಬೇಕು? ಕಿಂಡಿ ಮುಚ್ಚಿದೆ. ಬಾಗಿಲ ಸಂದಿಯಿಂದ ಬಂತು, ಎದುರಿಗೇ ಇರುವ, ಎಲ್ಲ ಮಹಡಿಗಳ ಕಸ ಸುರಿಯುವ ಕೊಳವೆಯ ನಾತವನ್ನು ಹೊತ್ತುಕೊಂಡು. “ಅತ್ತೇ, ನಿಲ್ಸಿ, ವಾಂತಿ ಬರ್ತಿದೆ,” ಎಂದಳು ಹಸ್ನಾ. ನಿಲ್ಲಿಸಿದರೆ ಬೇಗೆ, ಹಾಕಿದರೆ ನಾತ. ಆ ಹಸುಗೂಸು ಇವೆರಡರಲ್ಲಿ ಯಾವುದನ್ನು ಉಸಿರಾಡಬೇಕೆಂದು ದಯಮಾಡಿ ತಾವೇ ಆದೇಶ ಹೊರಡಿಸಿ.

ಇಲ್ಲವೇ ತಗಡು ಕೀಳಿಸಿ, ತಂತಿಬಲೆ ಹೊಡೆಸಿ. ಬಲೆಯಲ್ಲಿ ಪಾರಿವಾಳ ನುಸುಳದು, ಗಾಳಿ ನುಸುಳುತ್ತದೆ. ನನ್ನ ತರಗತಿಯ ಕೊನೆಯ ಬೆಂಚಿಗೂ ಇದು ತಿಳಿದಿತ್ತು. ಈ ವಾರದೊಳಗೆ ಆಗದಿದ್ದರೆ ನಾನೇ ಏಣಿ ಹತ್ತುತ್ತೇನೆ. ಏಣಿ ಹಿಡಿಯಲು ರುಬಿಯಾ ಒಪ್ಪಿದ್ದಾರೆ. ಕಿತ್ತ ತಗಡಿಗೆ ಅದೇ ಕೆಂಪು ರಿಬ್ಬನ್ನು ಕಟ್ಟಿ ತಮ್ಮ ಕಚೇರಿಗೆ ತಲುಪಿಸುತ್ತೇವೆ. ಫೋಟೊ ತೆಗೆಯುವವರನ್ನು ಸಿದ್ಧವಾಗಿಟ್ಟಿರಿ.

ಇಂತಿ,
ಮೊದಲ ಪ್ರತಿ ಬೆವರಿನಲ್ಲಿ ಕಲಸಿಹೋದದ್ದರಿಂದ ಇದನ್ನು ಮತ್ತೊಮ್ಮೆ ಬರೆದಿರುವ,
ನಿವೃತ್ತ ಅಧ್ಯಾಪಕ ಅಜ್ಮಾನ್