ಹೊಡೆದುಹಾಕಿದ ಸಾಲು

೧೪ ಮಾರ್ಚ್, ಭಾನುವಾರ ಬೆಳಿಗ್ಗೆ

ನನ್ನ ಮೊಂಡಿಗೆ ಅಕ್ಕನ ತುಂಬು ಪ್ರೀತಿ.

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯಲಿಲ್ಲವೆಂದು ಬೈದುಕೊಂಡಿರುತ್ತೀ, ಬೈದುಕೋ. ಕೈನೋವು ಅಂತ ನೆಪ ಹೇಳಬಹುದಿತ್ತು. ಆದರೆ ಪ್ರೆಸ್ಸಿನ ಕರಡು ತಿದ್ದುವಾಗ ಬಾರದ ನೋವು ನಿನಗೆ ಬರೆಯುವಾಗ ಮಾತ್ರ ಬರುತ್ತದೆ ಎಂದರೆ ನೀನು ನಂಬುವವಳಲ್ಲ. ಮೂರು ಸಲ ಶುರು ಮಾಡಿ ಹರಿದುಹಾಕಿದೆ. ಫೋನಿನಲ್ಲೇ ಹೇಳೋಣವೆಂದರೆ, ಹಕ್ಕಿ ಅನ್ನುವ ಮಾತು ನನ್ನ ಬಾಯಿಂದ ಬರುವುದೇ ತಡ, "ಅಕ್ಕಾ, ಕುಕ್ಕರ್ ಕೂಗ್ತಿದೆ, ಇಡ್ತೀನಿ" ಅನ್ನುತ್ತೀ. ಅದೆಂಥ ಕುಕ್ಕರೋ, ಆರು ವರ್ಷದಿಂದ ಕೂಗುತ್ತಲೇ ಇದೆ.

ಇಲ್ಲಿ ಎಲ್ಲರೂ ಕ್ಷೇಮ. ಕೆಳಗಿನ ಮನೆಯವರ ಸ್ಕೂಟರ್ ಕನ್ನಡಿಗೆ ಒಂದು ಸೂರಕ್ಕಿ ಗಂಟುಬಿದ್ದಿದೆ. ಕನ್ನಡಿಯಲ್ಲಿ ಕಾಣುವುದು ಬೇರೆ ಹಕ್ಕಿಯೆಂದು ಬೆಳಗಾದರೆ ಕುಕ್ಕಾಟ. ಅವರು ಬೇಸತ್ತು ಕನ್ನಡಿಗೆ ಹಳೇ ಕಾಲುಚೀಲ ತೊಡಿಸಿದರು. ಈಗ ಅದು ಕಾಲುಚೀಲದ ಮೇಲೇ ಕೂತು ವೈರಿಗೆ ಕಾಯುತ್ತದೆ. ಎದುರುಮನೆ ಟ್ಯಾಂಕಿನ ಮುಚ್ಚಳದಲ್ಲಿ ನಿಂತ ನೀರಿಗೆ ಕಾಗೆಯೊಂದು ಒಣ ಬ್ರೆಡ್ ತಂದು ಅದ್ದಿ ಅದ್ದಿ ತಿನ್ನುತ್ತದೆ. "ನಂಗೂ ಹಲ್ಲಿಲ್ಲ, ಆದ್ರೆ ಇಷ್ಟು ಬುದ್ಧಿ ಹೊಳೆದಿರ್ಲಿಲ್ಲ ನೋಡಮ್ಮ" ಎಂದರು ಪೋಸ್ಟ್‌ಮಾಸ್ಟರು. ನಮ್ಮ ಹಕ್ಕಿ ನೋಡುವ ಬಳಗದಲ್ಲಿ, ನಾನು ತಿದ್ದಿ ಹೊರತರುವ ತಿಂಗಳ ಹಾಳೆಗೆ ತಪ್ಪದೆ ಬರೆಯುವವರು ಈಗ ಅವರೊಬ್ಬರೇ. ಪ್ರತಿ ಸಲವೂ ನಿನ್ನನ್ನು ಕೇಳುತ್ತಾರೆ.

ಸುತ್ತಿ ಬಳಸಿ ಬರೆದದ್ದು ಸಾಕು, ವಿಷಯಕ್ಕೆ ಬರುತ್ತೇನೆ.

ನೀನು ಹಾಳೆಗೆ ಕೊಟ್ಟ ಕೊನೆಯ ಚೀಟಿ ನನಗೆ ಬಾಯಿಪಾಠ. "ಆಸ್ಪತ್ರೆ ಲಾಂಡ್ರಿಯ ಹಿಂದಿನ ಅಂಗಳ. ಬಿಸಿಲಿಗೆ ಹಾಕಿದ ಕಂಬಳಿಯಿಂದ ನುಸಿಗುಳಿಗೆ ಬಿತ್ತು. ಗೊರವಂಕ ಅದನ್ನು ಕೊಕ್ಕಿನಲ್ಲಿ ಹಿಡಿದು ರೆಕ್ಕೆಯ ಅಡಿಗೆ ತಿಕ್ಕಿಕೊಂಡಿತು. ಎರಡು ದಿನ ನೋಡಿದೆ." ಲೈಬ್ರರಿಯಲ್ಲಿ ಬಳಗ ಸೇರಿದಾಗ ನಾನೇ ಅದನ್ನು ಗಟ್ಟಿಯಾಗಿ ಓದಿದೆ. ಓದಿದ ದನಿಯೇ ಸರಿಯಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. "ಮದುವೆಗೆ ಹೊರಟಿತ್ತೇನೋ, ಸೆಂಟ್ ಹಾಕ್ಕೊಳ್ತಿತ್ತು!" ಎಂದು ಯಾರೋ ಅಂದರು. ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ನಾನು. ನೀನು ಮಾತ್ರ ನಗದೆ, "ಕಣ್ಣಾರೆ ನೋಡಿದೀನಿ ಅಕ್ಕ. ಬೇಕಾದ್ರೆ ನೀನೇ ಬಂದು ನೋಡು" ಎಂದೆ. ನನಗೆಲ್ಲಿ ಪುರುಸೊತ್ತು ಎಂದೆ ನಾನು.

ಆಮೇಲೆ ಕರಡಿನಲ್ಲಿ ನಿನ್ನ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಅಂಚಿನಲ್ಲಿ "ಕಣ್ತಪ್ಪು" ಎಂದು ಬರೆದು, ವಾಡಿಕೆಯಂತೆ ಲೈಬ್ರರಿಯ ಬೋರ್ಡಿಗೆ ಚುಚ್ಚಿದೆ. ಬಂದವರೆಲ್ಲ ಓದಿದರು. ಮಾರನೆಯ ವಾರ ನೀನು ಬೈನಾಕ್ಯುಲರ್ ತಂದು ನನ್ನ ಮೇಜಿನ ಮೇಲಿಟ್ಟೆ. "ಬಟ್ಟೆ ಒಗೆಯೋಳಿಗೆ ಇದೆಲ್ಲ ಯಾಕೆ ಬಿಡು" ಎಂದು ಹೋದೆ. ಅದೇ ವರ್ಷ ದೂರದ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ಹೊರಟೇಬಿಟ್ಟೆ.

ಈ ಸಲದ ಕಾಗದದಲ್ಲಿ ನೀನು ತಮಾಷೆಯೆಂಬಂತೆ ಬರೆದಿದ್ದೀ. ಒಗೆದ ಹಾಸಿನ ಕಲೆ ಹೋಗಿದೆಯೋ ಇಲ್ಲವೋ ಹೇಳುವ ಧೈರ್ಯ ನಿನಗಿಲ್ಲವಂತೆ, ಪಕ್ಕದವಳಿಗೆ ತೋರಿಸಿಯೇ ಮಡಿಸುತ್ತೀಯಂತೆ. ಎಲೆಯ ಮರೆಯಲ್ಲಿ ಕೂತ ಹಕ್ಕಿಯನ್ನು ನಮಗೆಲ್ಲ ಬೆರಳಿಟ್ಟು ತೋರಿಸುತ್ತಿದ್ದವಳು ನೀನು! ಓದಿ ನನಗೆ ಊಟ ಸೇರಲಿಲ್ಲ. ಇದು ನಾನು ಮಾಡಿದ ಕೆಲಸ ಕಣೆ.

ಈಗ ಕೇಳು. ಮೊನ್ನೆ ಮಂಗಳವಾರ ಟೆರೇಸಿನಲ್ಲಿ ಸ್ವೆಟರುಗಳನ್ನು ಒಣಹಾಕಿದ್ದೆ. ಮಡಿಕೆಯಿಂದ ಒಂದು ನುಸಿಗುಳಿಗೆ ಉರುಳಿತು. ಗೊರವಂಕವೊಂದು ನಡೆದುಬಂತು, ಗೊತ್ತಲ್ಲ, ಆಫೀಸರ್ ನಡಿಗೆ. ಗುಳಿಗೆ ಎತ್ತಿತು, ತಲೆ ಕೊಡವಿ ಬೀಳಿಸಿತು, ಮತ್ತೆ ಎತ್ತಿತು. ಎಡರೆಕ್ಕೆ ಅಗಲಿಸಿ ಅದರಡಿಗೆ ತಿಕ್ಕಿಕೊಂಡಿತು. ಆಮೇಲೆ ಬಾಲ ಮುಂದಕ್ಕೆಳೆದುಕೊಂಡು ಅದರಡಿಗೂ ತಿಕ್ಕಿತು. ಅಷ್ಟು ಹೊತ್ತೂ ಕಣ್ಣು ಅರೆ ಮುಚ್ಚಿತ್ತು. ನೀನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಪೋಸ್ಟ್‌ಮಾಸ್ಟರಿಗೆ ಹೇಳಿದೆ. "ಹೇನು ಓಡ್ಸೋಕೆ ಇರ್ಬೇಕಮ್ಮ. ಕೆಲವು ಹಕ್ಕಿಗಳು ಇರುವೆನೂ ಹಿಂಗೇ ತಿಕ್ಕೊಳ್ತವಂತೆ. ಪಾಪ, ನಿಮ್ಮ ತಂಗೀನ ಸುಮ್ನೆ ಆಡ್ಕೊಂಡ್ವಿ" ಎಂದು ಪೇಚಾಡಿದರು. ಮುಂದಿನ ಹಾಳೆಯಲ್ಲಿ ತಿದ್ದುಪಡಿ ಹಾಕುತ್ತೇನೆ. ಮೊದಲು ಕಂಡವಳು ನೀನು, ತಪ್ಪು ನನ್ನದು ಎಂದು. ಬಳಗದವರೆಲ್ಲ ಕ್ಷಮೆ ಕೇಳಿದ್ದಾರೆ. ನಾನೂ ಕೇಳುತ್ತಿದ್ದೇನೆ. ಆಗ ನೋಡಿರಲಿಲ್ಲ, ಈಗ ನೋಡಿದೆ, ಅಷ್ಟೇ ಎಂದುಕೊಂಡು ಈ ಅಕ್ಕನನ್ನು ಮನ್ನಿಸಿಬಿಡು.

ಮನೆಯವರಿಗೆ ನನ್ನ ನೆನಪು ಹೇಳು. ಹಬೆಯಲ್ಲಿ ದುಡಿಯುವವಳು, ನೀರು ಸರಿಯಾಗಿ ಕುಡಿ. ನಿನ್ನ ಮೈ ಮನಸ್ಸು ಎರಡೂ ತಣ್ಣಗಿರಲಿ.

ನಿನ್ನ
ಅಕ್ಕ

ಮರೆತದ್ದು: ಹಾಳಾದ ಚಾಳಿ, ಲಕೋಟೆಗೆ ಹಾಕುವ ಮೊದಲು ಎಲ್ಲ ಇನ್ನೊಮ್ಮೆ ಓದಿದೆ. ತಪ್ಪು ಉಳಿದಿದೆ. ಮರೆತದ್ದು ಅಂದದ್ದೂ ತಪ್ಪೇ, ಮರೆತಿರಲಿಲ್ಲ.

ಮಂಗಳವಾರ ನಮ್ಮ ಟೆರೇಸಿಗೆ ಯಾವ ಗೊರವಂಕವೂ ಬರಲಿಲ್ಲ. ಪೋಸ್ಟ್‌ಮಾಸ್ಟರಿಗೂ ಸುಳ್ಳು ಹೇಳಿದೆ. ಮೇಲೆ ಬರೆದದ್ದೆಲ್ಲ ಆರು ವರ್ಷದ ಹಿಂದೆ ಕಂಡದ್ದು. ಲೈಬ್ರರಿಯಲ್ಲಿ ನಕ್ಕ ಮೂರನೇ ದಿನ, ನಿನಗೆ ಹೇಳದೆ ಬಂದು ಲಾಂಡ್ರಿಯ ಕಾಂಪೌಂಡಿನ ಹೊರಗೆ ನಿಂತಿದ್ದೆ. ಗೇಟಿನ ಸಂದಿಯಿಂದ ಎಲ್ಲ ಕಂಡಿತು. ನೀನು ಕಂಬಳಿಗಳ ನಡುವೆ ಉಸಿರು ಬಿಗಿಹಿಡಿದು ನಿಂತಿದ್ದೆ, ಹಕ್ಕಿ ನಿನ್ನಿಂದ ನಾಲ್ಕು ಹೆಜ್ಜೆಯಲ್ಲಿತ್ತು. ನೋಡಿ ಮನೆಗೆ ಬಂದೆ. ಬಂದಮೇಲೆಯೇ ನಿನ್ನ ಸಾಲನ್ನು ಹೊಡೆದುಹಾಕಿದ್ದು. ಹನ್ನೆರಡು ವರ್ಷ ಹಾಳೆ ತಿದ್ದಿದರೂ ಯಾರೂ ಕಾಣದ್ದು ಒಂದನ್ನೂ ನಾನು ಕಂಡಿರಲಿಲ್ಲ. ನೀನು ಬಳಗಕ್ಕೆ ಬಂದ ಎರಡೇ ವರ್ಷಕ್ಕೆ ಕಂಡುಬಿಟ್ಟೆ. ಹೊಟ್ಟೆಕಿಚ್ಚು ಕಣೆ, ಬೇರೇನೂ ಅಲ್ಲ.

ಆ ತಿಂಗಳೇ ನೀನು "ನನ್ನ ಕಣ್ಣೇ ಕೆಟ್ಟಿದ್ಯೇನೋ ಅಕ್ಕ" ಎಂದು ಅತ್ತು, ನಾವಿಬ್ಬರೂ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆವು. ನಿನ್ನ ಕಣ್ಣಿಗೆ ಔಷಧಿ ಬಿಟ್ಟು ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು. ಏನೂ ಕಾಣದೆ ನೀನು ನನ್ನ ಕೈ ಹಿಡಿದುಕೊಂಡಿದ್ದೆ. ಒಂದು ಗಂಟೆ ಹಾಗೇ ಕೂತಿದ್ದೆವು. ಆಗಲೂ ನಾನು ಬಾಯಿ ಬಿಡಲಿಲ್ಲ.